ಚುಕ್ಕೆ ಕತ್ತಾಳೆಯ ವಂಶಾವಳಿ

ನಮ್ಮ ಮನೆಯ ಮೆಟ್ಟಿಲ ಬದಿಯಲ್ಲಿರುವ ಕುಂಡದ ಗಿಡವನ್ನು ಕಂಡವರು ಮೊದಲು ಕೇಳುವ ಪ್ರಶ್ನೆ, "ಇದಕ್ಕೇನು ರೋಗ?" ಎಂಬುದು. ಕೇಳುವವರ ತಪ್ಪೇನೂ ಇಲ್ಲ. ಮೊಳದುದ್ದದ ದಪ್ಪ ಎಲೆಗಳು ಸುತ್ತಲೂ ಬಾಗಿ ನೆಲವನ್ನು ಮುಟ್ಟುವಂತಿವೆ. ಬಣ್ಣ ಬೂದಿ ಬೆರೆತ ಹಸುರು. ಅದರ ಮೇಲೆಲ್ಲ ಯಾರೋ ಶಾಯಿಯ ಲೇಖನಿಯನ್ನು ಕೊಡವಿದಂತೆ ಕಂದು ಬೆರೆತ ಕೆನ್ನೀಲಿ ಚುಕ್ಕೆಗಳು. ಬುಡದ ಕಡೆ ಒತ್ತಾಗಿ, ತುದಿಗೆ ಹೋದಂತೆ ಚದುರಿಕೊಂಡಿವೆ. ಪಕ್ಕದ ಮನೆಯ ಅಜ್ಜಿಯವರು ಇದನ್ನು ನೋಡಿದ ಮೊದಲ ದಿನವೇ, "ರಾಯರೆ, ಬೇವಿನ ಹಿಂಡಿ ಹಾಕಿ ನೋಡಿ. ವಾಸಿಯಾಗದಿದ್ದರೆ ಕಿತ್ತು ಬಿಸಾಡಿಬಿಡಿ. ನಮ್ಮ ಮಲ್ಲಿಗೆಗೂ ಅಂಟೀತು" ಎಂದು ಎಚ್ಚರಿಕೆ ಕೊಟ್ಟರು. ಚುಕ್ಕೆ ರೋಗವಲ್ಲ, ಹುಟ್ಟುಗುಣ ಎಂದು ನಾನು ಹೇಳಿದ್ದನ್ನು ಅವರು ನಂಬಿದಂತೆ ಕಾಣಲಿಲ್ಲ.

ನನಗೂ ಆಗ ಅಷ್ಟೇ ಗೊತ್ತಿದ್ದದ್ದು. ಸಸಿ ಮಾರುವಾತ ಇದನ್ನು "ಫಾರಿನ್ ಲೋಳೆಸರ" ಎಂದು ಹೇಳಿ ಕೊಟ್ಟಿದ್ದ. ಲೋಳೆಸರಕ್ಕೂ ಇದಕ್ಕೂ ಹತ್ತಿರದ ನಂಟಿಲ್ಲ. ಲೋಳೆಸರದ ಬಳಗದ ತೌರು ಆಫ್ರಿಕ ಮತ್ತು ಅರಬ್ಬೀ ನಾಡುಗಳು, ಇದರದು ಮೆಕ್ಸಿಕೊ. ಸಸ್ಯಶಾಸ್ತ್ರವನ್ನು ಬಹುಕಾಲ ಪಾಠ ಹೇಳಿದ ಮಿತ್ರರೊಬ್ಬರು ಒಂದು ಸಂಜೆ ಕಾಫಿಗೆ ಬಂದವರು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತು, "ಇದು ಮ್ಯಾಂಗೇವ್" ಎಂದರು. ಮಾವಿನ ಸಂಬಂಧವೇ ಎಂದು ನಾನು ಕೇಳಿದೆ. ಅವರು ನಗಲಿಲ್ಲ, ಅದಕ್ಕೆ ಅವರಿಗೆ ಕೃತಜ್ಞ. ಮ್ಯಾನ್‌ಫ್ರೆಡಾ ಎಂಬ ತಾಯಿಗೂ ಅಗೇವ್ ಎಂಬ ತಂದೆಗೂ ಹುಟ್ಟಿದ ಮಗು; ಇಬ್ಬರ ಹೆಸರನ್ನೂ ಅರ್ಧರ್ಧ ಮುರಿದು ಜೋಡಿಸಿ ಹೆಸರಿಟ್ಟಿದ್ದಾರೆ ಎಂದು ವಿವರಿಸಿದರು. ಅಗೇವ್ ಎಂದರೆ ಬೇರೆ ಏನೂ ಅಲ್ಲ, ನಮ್ಮ ಹೊಲದ ಬೇಲಿಯ ಕತ್ತಾಳೆ. ಕೆಲವರು ಭೂತಾಳೆ ಎನ್ನುವುದೂ ಅದನ್ನೇ. ಅಂದಿನಿಂದ ಈ ಗಿಡದ ವಂಶಾವಳಿಯನ್ನು ಕೆದಕುತ್ತ ಹೋದೆ. ಕೆದಕಿದಷ್ಟೂ ಅದು ನಮ್ಮ ಮದುವೆ ಮಂಟಪದವರೆಗೆ ಬಂದೀತೆಂದು ಆಗ ತಿಳಿದಿರಲಿಲ್ಲ.

ಸಂಕರ ಎಂಬ ಮಾತು ನಮ್ಮಲ್ಲಿ ಒಳ್ಳೆಯ ಅರ್ಥದಲ್ಲಿ ಹುಟ್ಟಿದ್ದಲ್ಲ. ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನನ ಕೈಯಿಂದ ಬಿಲ್ಲು ಜಾರುವುದಕ್ಕೆ ಅವನು ಕೊಡುವ ಕಾರಣಗಳಲ್ಲಿ ಅದೂ ಒಂದು. ಗಿಡಗಳಲ್ಲಿ ಒಂದೇ ಜಾತಿಯ ಎರಡು ಪ್ರಭೇದಗಳು ಕೂಡುವುದು ಸಾಮಾನ್ಯ. ತೋಟಗಾರರು ಅದನ್ನು ದಿನವೂ ಮಾಡಿಸುತ್ತಾರೆ. ಆದರೆ ಬೇರೆ ಬೇರೆ ಜಾತಿಯವು ಎಂದು ಶಾಸ್ತ್ರಜ್ಞರು ಬೇರೆ ಬೇರೆ ಮನೆಯಲ್ಲಿ ಕೂರಿಸಿದ ಎರಡು ಗಿಡಗಳು ಕೂಡಿ, ಹುಟ್ಟಿದ ಮಗುವೂ ಸೊಂಪಾಗಿ ಬೆಳೆದು, ಅದಕ್ಕೂ ಮಕ್ಕಳಾದರೆ, ಆಗ ಸಂಶಯ ಪಡಬೇಕಾದದ್ದು ಗಿಡಗಳ ಶೀಲವನ್ನಲ್ಲ, ಗೋಡೆ ಕಟ್ಟಿದವರ ಅಳತೆಯನ್ನು. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆ ಬಂಜೆ. ಮ್ಯಾಂಗೇವ್‌ಗಳು ಹಾಗಲ್ಲ, ಅವುಗಳಲ್ಲಿ ಹಲವು ಫಲವತ್ತಾದವು.

ಗೋಡೆಯ ಕಥೆ 1753ರಲ್ಲಿ ಮೊದಲಾಗುತ್ತದೆ. ಆ ವರ್ಷ ಸ್ವೀಡನ್ನಿನ ಲಿನೇಯಸ್ ತಾನು ಬಲ್ಲ ಗಿಡಗಳಿಗೆಲ್ಲ ಎರಡು ಪದಗಳ ಹೆಸರಿಟ್ಟು 'ಸ್ಪೀಶೀಸ್ ಪ್ಲಾಂಟಾರಮ್' ಎಂಬ ಗ್ರಂಥವನ್ನು ಪ್ರಕಟಿಸಿದ. ಅದರ 323ನೆಯ ಪುಟದಲ್ಲಿ ಅಗೇವ್ ಬರುತ್ತದೆ. ಗ್ರೀಕ್ ಭಾಷೆಯಲ್ಲಿ ಗಣ್ಯ, ಭವ್ಯ ಎಂದು ಆ ಹೆಸರಿನ ಅರ್ಥ. ಇಪ್ಪತ್ತು ಅಡಿಗೂ ಮೀರಿದ ಹೂಕಂಬವನ್ನು ಎತ್ತಿ ನಿಲ್ಲಿಸುವ ಕತ್ತಾಳೆಗೆ ಅದು ಸಲ್ಲುವ ಹೆಸರೇ. ಆತ ಅಲ್ಲಿ ಬರೆದ ಅಗೇವ್‌ಗಳು ನಾಲ್ಕು. ಅವುಗಳಲ್ಲಿ ಒಂದು ವರ್ಜಿನಿಕಾ. ಅದು ಉತ್ತರ ಅಮೆರಿಕದ ಸಣ್ಣ ಮೆತ್ತನೆಯ ಗಿಡ. ಮುಳ್ಳಿಲ್ಲ, ಚಳಿಗಾಲ ಬಂದರೆ ಎಲೆ ಒಣಗಿಸಿಕೊಂಡು ಭೂಮಿಯೊಳಗೆ ಮಲಗುತ್ತದೆ. ದೈತ್ಯ ಕತ್ತಾಳೆಯ ಪಕ್ಕದಲ್ಲಿ ಆ ಬಡಕಲನ್ನೂ ಲಿನೇಯಸ್ ನಿಸ್ಸಂಕೋಚವಾಗಿ ಕೂರಿಸಿದ್ದ. ಆಮೇಲಿನವರಿಗೆ ಇದು ಸರಿಬರಲಿಲ್ಲ.

ಬೇರೆ ಮಾಡಿದವನು ಇಂಗ್ಲೆಂಡಿನ ಸ್ಯಾಲಿಸ್‌ಬರಿ. ಈತನ ಬಾಳೇ ಒಂದು ಬೇರೆ ಕಥೆ. ರಾಬರ್ಟ್ ಬ್ರೌನ್ ಸಭೆಯಲ್ಲಿ ಓದಿದ ಪ್ರಬಂಧದ ವಿಷಯವನ್ನು ಅದು ಅಚ್ಚಾಗುವ ಮೊದಲೇ, 1809ರಲ್ಲಿ, ಇನ್ನೊಬ್ಬನ ಹೆಸರಿನ ಪುಸ್ತಕದ ಮೂಲಕ ಹೊರಗೆ ತಂದನೆಂಬ ಆರೋಪ ಇವನ ಮೇಲೆ ಬಂತು. ವಿದ್ವಾಂಸರು ಇವನನ್ನು ಬಹಿಷ್ಕಾರ ಹಾಕಿದಂತೆ ದೂರವಿಟ್ಟರು; ಇವನು ಇಟ್ಟ ಹೆಸರುಗಳನ್ನೂ ಮುಟ್ಟಲಿಲ್ಲ. 1829ರಲ್ಲಿ ಸತ್ತ. ಅವನು ಬಿಟ್ಟುಹೋದ ಹಸ್ತಪ್ರತಿಯ ಒಂದು ಭಾಗ 37 ವರ್ಷಗಳ ಮೇಲೆ, 1866ರಲ್ಲಿ, ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ ಎಂಬಾತನ ಆಸಕ್ತಿಯಿಂದ ಅಚ್ಚಾಯಿತು. ಮ್ಯಾನ್‌ಫ್ರೆಡಾ ಎಂಬ ಹೊಸ ಜಾತಿ ಬೆಳಕು ಕಂಡದ್ದು ಅದರಲ್ಲಿ. ಔಷಧಿಗಳನ್ನು ಕುರಿತು ಬರೆದ ಇಟಲಿಯ ಹಳೆಯ ಪಂಡಿತ ಮ್ಯಾನ್‌ಫ್ರೆಡಸ್‌ನ ನೆನಪಿಗಾಗಿ ಆ ಹೆಸರು. ಬದುಕಿದ್ದಾಗ ಮಾನ ಕಳೆದುಕೊಂಡವನ ಮಾತು ಸತ್ತ ಮೇಲೆ ಗೆದ್ದಿತು. ವರ್ಜಿನಿಕಾ ಮತ್ತು ಅದರ ಮೆತ್ತನೆಯ ಸೋದರಿಯರು ಕತ್ತಾಳೆಯ ಮನೆಯಿಂದ ಹೊರಗೆ ಬಂದು ಸ್ವಂತ ಸಂಸಾರ ಹೂಡಿದವು.

ಬೇರೆ ಮಾಡಿದ್ದಕ್ಕೆ ಕಾರಣಗಳು ಇರಲಿಲ್ಲವೆಂದಲ್ಲ. ಕತ್ತಾಳೆಯ ಎಲೆ ಗಟ್ಟಿ, ನಾರುಮಯ, ಅಂಚಿನಲ್ಲಿ ಗರಗಸ, ತುದಿಯಲ್ಲಿ ಸೂಜಿ. ಮ್ಯಾನ್‌ಫ್ರೆಡಾದ ಎಲೆ ಮೃದು, ರಸಭರಿತ. ಹಲವು ಪ್ರಭೇದಗಳಲ್ಲಿ ಚುಕ್ಕೆ. ಮ್ಯಾಕ್ಯುಲೋಸಾ ಎಂಬ ಪ್ರಭೇದದ ಹೆಸರಿನ ಅರ್ಥವೇ ಚುಕ್ಕೆಯುಳ್ಳದ್ದು ಎಂದು. ಮೆಕ್ಸಿಕೊದ ಹಳ್ಳಿಯವರು ಮ್ಯಾನ್‌ಫ್ರೆಡಾದ ಗೆಡ್ಡೆಯನ್ನು ಜಜ್ಜಿ ನೀರಿನಲ್ಲಿ ನೊರೆ ಎಬ್ಬಿಸಿ, ನಾವು ಅಂಟುವಾಳವನ್ನು ಬಳಸುತ್ತಿದ್ದಂತೆ, ಬಟ್ಟೆಗೂ ತಲೆಗೂ ಬಳಸುತ್ತಿದ್ದರು; ಅದನ್ನು ಅಮೋಲೆ ಎನ್ನುತ್ತಾರೆ. ಕತ್ತಾಳೆಯಿಂದ ಅವರು ನಾರು ತೆಗೆದರು, ಪುಲ್ಕೆ ಎಂಬ ಹುಳಿಹೆಂಡ ಇಳಿಸಿದರು, ಮೆಸ್ಕಾಲ್ ಬಟ್ಟಿ ಇಳಿಸಿದರು. ಎಲ್ಲಕ್ಕಿಂತ ದೊಡ್ಡ ಭೇದ ಸಾವಿನದು. ಕತ್ತಾಳೆ ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷ ಕೂಡಿಟ್ಟದ್ದನ್ನೆಲ್ಲ ಒಂದೇ ಹೂಗೊಂಚಲಿಗೆ ಸುರಿದು ಸಾಯುತ್ತದೆ. ನೂರು ವರ್ಷಕ್ಕೊಮ್ಮೆ ಹೂ ಬಿಡುತ್ತದೆಂಬ ಮಾತು ಬರಿಯ ಉತ್ಪ್ರೇಕ್ಷೆ. ಆದರೆ ಹೂವೇ ಅದರ ಮೃತ್ಯು ಎಂಬುದು ನಿಜ. ಮ್ಯಾನ್‌ಫ್ರೆಡಾ ವರ್ಷ ವರ್ಷವೂ ಹೂ ಬಿಟ್ಟು ಮತ್ತೆ ಚಿಗುರುತ್ತದೆ. ಒಂದು ಏಕಾದಶಿ ಪಾರಣೆಯಂತೆ, ಇನ್ನೊಂದು ನಿತ್ಯದ ಊಟದಂತೆ. ಇವೆರಡನ್ನು ಒಂದೇ ಪಂಕ್ತಿಯಲ್ಲಿ ಕೂರಿಸಲು ಯಾರಿಗೆ ತಾನೆ ಮನಸ್ಸು ಬಂದೀತು?

ಗೋಡೆಯಲ್ಲಿ ಬಿರುಕು ಕಂಡದ್ದು ಸೂಕ್ಷ್ಮದರ್ಶಕದ ಅಡಿಯಲ್ಲಿ. 1933ರಲ್ಲಿ ಅಮೆರಿಕದ ಸೂಸನ್ ಮೆಕೆಲ್ವಿ ಮತ್ತು ಕಾರ್ಲ್ ಸ್ಯಾಕ್ಸ್ ಎಂಬಿಬ್ಬರು ಕತ್ತಾಳೆಯ ಜೀವಕೋಶದೊಳಗಿನ ವರ್ಣತಂತುಗಳನ್ನು ಎಣಿಸಿ ಬರೆದರು. ಐದು ದೊಡ್ಡವು, ಇಪ್ಪತ್ತೈದು ಪುಟಾಣಿಗಳು. ಒಟ್ಟು ಮೂವತ್ತರ ಒಂದು ಕಂತೆ. ಇಂಥ ವಿಚಿತ್ರ ಜೋಡಣೆ ಆಗ ಲಿಲ್ಲಿ ಹೂಗಳ ಬಳಗಕ್ಕೆ ಸೇರಿದ್ದ ಯುಕ್ಕಾ ಗಿಡದಲ್ಲಿಯೂ ಹಾಗೆಯೇ ಇತ್ತು. ಹೊರಗಿನ ವೇಷ ಬೇರೆ, ಒಳಗಿನ ಲೆಕ್ಕ ಒಂದೇ. ಮರುವರ್ಷವೇ ಹಚಿನ್ಸನ್ ಎಂಬ ವಿದ್ವಾಂಸ ಈ ನೆಂಟರನ್ನೆಲ್ಲ ಒಟ್ಟುಗೂಡಿಸಿ ಕತ್ತಾಳೆಯದೇ ಆದ ಕುಟುಂಬವೊಂದನ್ನು ಮಾಡಿದ. ಮ್ಯಾನ್‌ಫ್ರೆಡಾದ ಲೆಕ್ಕವೂ ಅದೇ ಐದು ಮತ್ತು ಇಪ್ಪತ್ತೈದು. ಅಂದರೆ ಕೂಡುವುದಕ್ಕೆ ಅಡ್ಡಿ ಇರಲಿಲ್ಲ. ಪುಸ್ತಕದಲ್ಲಿ ಮಾತ್ರ ಗೋಡೆ ಇತ್ತು.

ಕೂಡಿದ್ದು ಹೇಗೆಂಬುದು ಯಾರೂ ಕಣ್ಣಾರೆ ನೋಡದ ಪ್ರಸಂಗ. ಟೆಕ್ಸಾಸಿನಲ್ಲಿ 1988ರಲ್ಲಿ ಆರಂಭವಾದ ಯುಕ್ಕಾ ಡೂ ಎಂಬ ಸಸ್ಯಕ್ಷೇತ್ರದವರು ಮೆಕ್ಸಿಕೊದ ಬೆಟ್ಟಗಳನ್ನು ಸುತ್ತಿ ಬೀಜ ತಂದು ಬೆಳೆಸುತ್ತಿದ್ದರು. ಮ್ಯಾನ್‌ಫ್ರೆಡಾ ವೇರಿಯೆಗೇಟಾ ಎಂಬ ಚುಕ್ಕೆ ಗಿಡದ ಬೀಜವನ್ನು ಒಮ್ಮೆ ಬಿತ್ತಿದಾಗ ಒಂದೆರಡು ಸಸಿಗಳು ಮಾತ್ರ ಒಡಹುಟ್ಟಿದವರನ್ನು ಹಿಂದೆ ಹಾಕಿ ದೈತ್ಯರಾಗಿ ಬೆಳೆದವು. ಎಲೆ ದಪ್ಪ, ತುದಿಯಲ್ಲಿ ಮುಳ್ಳು, ಮೈತುಂಬ ಚುಕ್ಕೆ. ತಾಯಿ ಯಾರೆಂಬುದರಲ್ಲಿ ಅನುಮಾನವಿರಲಿಲ್ಲ, ಬೀಜ ಅವಳದೇ. ತಂದೆ ಅದೇ ಸೀಮೆಯಲ್ಲಿ ಬೆಳೆಯುವ ಮೈಟಿಸ್ ಎಂಬ ಕತ್ತಾಳೆ ಇರಬೇಕೆಂದು ಮುಖಲಕ್ಷಣದಿಂದ ಊಹಿಸಿದರು. ಆ ದಿನಗಳಲ್ಲಿ ಅದನ್ನು ಸೆಲ್ಸಿಯೈ ಎನ್ನುತ್ತಿದ್ದರು. ಪರಾಗವನ್ನು ಹೊತ್ತು ತಂದದ್ದು ಬಾವಲಿಯೋ, ಇರುಳು ಹಾರುವ ಪತಂಗವೋ, ಮುಂಜಾನೆಯ ಜೇನೋ, ಸಾಕ್ಷಿ ಹೇಳುವವರಿಲ್ಲ. ಮಗುವಿಗೆ 'ಮಾಚೋ ಮೋಕಾ' ಎಂದು ಹೆಸರಾಯಿತು. ಮಾಚೋ ಎಂದರೆ ಗಂಡುಗಲಿ, ಮೋಕಾ ಎಂದರೆ ಕಾಫಿಯ ಬಣ್ಣ. ಹೆಸರು ನನಗೆ ರುಚಿಸಲಿಲ್ಲ. ಗಿಡ ಮಾತ್ರ ಅದಕ್ಕೆ ತಕ್ಕಂತೆ ನಾಲ್ಕೈದು ಅಡಿ ಅಗಲಕ್ಕೆ ಹರಡಿಕೊಳ್ಳುತ್ತದೆ. ನನ್ನ ಕುಂಡದಲ್ಲಿರುವುದು ಇದೇ.

ಕಾಡಿನಲ್ಲಿ ಆಕಸ್ಮಿಕವಾಗಿ ಆದದ್ದನ್ನು ಮನುಷ್ಯ ಬೇಕೆಂದೇ ಮಾಡತೊಡಗಿದ. ಮಿಶಿಗನ್ನಿನ ವಾಲ್ಟರ್ಸ್ ಗಾರ್ಡನ್ಸ್ ಎಂಬ ಸಂಸ್ಥೆಯ ಹ್ಯಾನ್ಸ್ ಹ್ಯಾನ್ಸನ್ ಇದಕ್ಕೆ ಕೈಹಾಕಿದವರಲ್ಲಿ ಹೆಸರಾದವರು. ಈ ಕೆಲಸದ ಕಷ್ಟ ಕಾಲದ್ದು. ಮ್ಯಾನ್‌ಫ್ರೆಡಾ ವರ್ಷವೂ ಹೂ ಬಿಡುತ್ತದೆ, ಕತ್ತಾಳೆ ಯಾವಾಗ ಬಿಡುತ್ತದೆಂದು ಹೇಳುವಂತಿಲ್ಲ, ಬಿಟ್ಟರೂ ಮಾಡಿನೆತ್ತರಕ್ಕೆ. ಏಣಿ ಹತ್ತಿ ಪರಾಗ ತಂದು ಶೈತ್ಯದಲ್ಲಿ ಕಾಯ್ದಿಟ್ಟು ಇನ್ನೊಂದರ ಹೂ ಅರಳುವವರೆಗೆ ಕಾಯಬೇಕು. ಹಾಗೆ ಹುಟ್ಟಿದ ನೂರಾರು ಸಸಿಗಳಲ್ಲಿ ಒಂದೆರಡನ್ನು ಆರಿಸಿ, ಗಾಜಿನ ನಳಿಗೆಗಳಲ್ಲಿ ಅಂಗಾಂಶ ಕೃಷಿಯಿಂದ ಸಾವಿರಗಟ್ಟಲೆ ಮಾಡಿ ಮಾರುತ್ತಾರೆ. 'ಇಂಕ್‌ಬ್ಲಾಟ್', 'ಪೈನಾಪಲ್ ಎಕ್ಸ್‌ಪ್ರೆಸ್' ಮುಂತಾಗಿ ಸಿನಿಮಾ ಹೆಸರುಗಳನ್ನು ಹೋಲುವ ಹೆಸರುಗಳು. ತಂದೆಯ ದೃಢಕಾಯ, ತಾಯಿಯ ಚುಕ್ಕೆ, ಇಬ್ಬರಿಗಿಂತಲೂ ಬೇಗನೆ ಬೆಳೆಯುವ ಗುಣ — ಕೊಳ್ಳುವವರಿಗೆ ಇನ್ನೇನು ಬೇಕು?

ಈ ಸಂಭ್ರಮದ ನಡುವೆ ನನ್ನನ್ನು ಕಾಡುವ ಸಂಗತಿಯೊಂದಿದೆ. ದಕ್ಷಿಣ ಟೆಕ್ಸಾಸ್ ಮತ್ತು ಅದಕ್ಕೆ ಅಂಟಿದ ಮೆಕ್ಸಿಕೊದ ಕುರುಚಲು ಕಾಡಿನಲ್ಲಿ, ಮ್ಯಾಕ್ಯುಲೋಸಾ ಎಂದೆನಲ್ಲ, ಆ ಚುಕ್ಕೆ ಗಿಡದ ಮೇಲೆಯೇ ಬದುಕುವ ಒಂದು ಚಿಟ್ಟೆ ಇದೆ. ಅದರ ಹೆಸರೂ ಮ್ಯಾಕ್ಯುಲೋಸಸ್ ಎಂದೇ. ಅದರ ಮರಿಹುಳು ಬೇರೆ ಯಾವ ಸೊಪ್ಪನ್ನೂ ಮುಟ್ಟುವುದಿಲ್ಲ. ಕಾಡು ಕಡಿದು ಹೊಲ, ಹುಲ್ಲುಗಾವಲು ಮಾಡಿದಂತೆಲ್ಲ ಗಿಡ ವಿರಳವಾಯಿತು. ಚಿಟ್ಟೆ ಕಾಣುವುದೇ ಅಪರೂಪವಾಯಿತು. ತಾಯಿಯ ಬಳಗ ತೌರಿನಲ್ಲಿ ನೆಲೆ ಕಳೆದುಕೊಳ್ಳುತ್ತಿರುವಾಗ ಮಗಳು ಗಾಜಿನ ನಳಿಗೆಯಿಂದ ಸಾವಿರವಾಗಿ ಹೊರಟು ಬೆಂಗಳೂರಿನ ಮೆಟ್ಟಿಲ ಬದಿಯವರೆಗೆ ಬಂದಿದ್ದಾಳೆ. ನನ್ನ ಕುಂಡದ ಚುಕ್ಕೆಗಳಿಂದ ಆ ಹುಳುವಿಗೆ ಏನು ಉಪಕಾರ?

ಇನ್ನು ಮದುವೆ ಮಂಟಪದ ಮಾತು. ಲಿನೇಯಸ್ಸನ ಅದೇ ಗ್ರಂಥದ 316ನೆಯ ಪುಟದಲ್ಲಿ ಪಾಲಿಯಾಂಥಿಸ್ ಟ್ಯೂಬರೋಸಾ ಎಂಬ ಗಿಡ ಬರುತ್ತದೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಸುಗಂಧರಾಜ. ವಧೂವರರ ಕೊರಳಿನಲ್ಲಿ, ದೇವರ ಮೇಲೆ, ಸತ್ತವರ ಎದೆಯ ಮೇಲೆ ನಾವು ಹಾಕುವ ಆ ಬಿಳಿಯ ಹೂ ನಮ್ಮದೇ ಎಂದು ನಾನು ತಿಳಿದಿದ್ದೆ. ಹೆಸರು ಅಷ್ಟು ಸಂಸ್ಕೃತ. ಅದೂ ಮೆಕ್ಸಿಕೊದಿಂದ ಬಂದದ್ದು. ಸ್ಪೇನಿನವರು ಕಾಲಿಡುವ ಮೊದಲೇ ಅಲ್ಲಿನ ಆಜ್ಟೆಕ್ ಜನ ಅದನ್ನು ಬೆಳೆಸುತ್ತಿದ್ದರು. ಅವರ ಭಾಷೆಯಲ್ಲಿ ಅದರ ಹೆಸರು ಓಮಿಶೋಚಿಟ್ಲ್, ಎಲುಬಿನ ಹೂ ಎಂದರ್ಥ. ಮೊಗ್ಗನ್ನು ನೋಡಿದರೆ ಹೆಸರಿಟ್ಟವರ ಕಣ್ಣು ಎಷ್ಟು ಚುರುಕೆಂಬುದು ತಿಳಿಯುತ್ತದೆ. ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಒಂಟಿ ಸುತ್ತಿನ ಸುಗಂಧರಾಜಕ್ಕೂ ಸುತ್ತುಸುತ್ತಿನದಕ್ಕೂ ಸಂಕರ ಮಾಡಿಸಿ 'ಶೃಂಗಾರ್', 'ಸುವಾಸಿನಿ' ಎಂಬ ತಳಿಗಳನ್ನು ತಂದರು. ಶೃಂಗಾರ್‌ಗೆ ಮೆಕ್ಸಿಕನ್ ಒಂಟಿ ಸುತ್ತನ್ನು ಕೂಡಿಸಿ 'ಪ್ರಜ್ವಲ್' ಅನ್ನು ಪಡೆದರು. ನಮ್ಮ ಮಾರುಕಟ್ಟೆಗೆ ಗಾಡಿಗಟ್ಟಲೆ ಬರುವ ಹೂವಿನಲ್ಲಿ ಇವುಗಳ ಪಾಲು ಸಣ್ಣದಲ್ಲ.

ಸುಗಂಧರಾಜದ ಜೀವಕೋಶದಲ್ಲಿಯೂ ಐದು ದೊಡ್ಡವು, ಇಪ್ಪತ್ತೈದು ಪುಟಾಣಿಗಳು. ಈ ಶತಮಾನದಲ್ಲಿ ಡಿಎನ್‌ಎ ಓದುವ ವಿದ್ಯೆ ಕೈಗೆ ಬಂದ ಮೇಲೆ ಉಳಿದಿದ್ದ ಸಂಶಯವೂ ಹೋಯಿತು. ಮ್ಯಾನ್‌ಫ್ರೆಡಾ ಮತ್ತು ಸುಗಂಧರಾಜಗಳು ಕತ್ತಾಳೆಯ ದಾಯಾದಿಗಳಲ್ಲ, ಅದರ ಮನೆಯೊಳಗೇ ಹುಟ್ಟಿದ ಮಕ್ಕಳು ಎಂದು ಕಂಡುಬಂತು. 2017ರಲ್ಲಿ ಟೀಡ ಮತ್ತು ಗೋವರ್ಟ್ಸ್ ಎಂಬ ವಿದ್ವಾಂಸರು ಇವುಗಳಿಗೆ ಹೊಸ ಹೆಸರುಗಳನ್ನು ಗೊತ್ತುಮಾಡಿ ಎಲ್ಲವನ್ನೂ ಅಗೇವ್ ಎಂಬ ಒಂದೇ ಸೂರಿನಡಿಗೆ ತಂದರು. ಅಗೇವ್ ಟ್ಯೂಬರೋಸಾ ಎಂಬ ಹೆಸರನ್ನು ಹಿಂದೆಯೇ ಬೇರೊಂದು ಗಿಡಕ್ಕೆ ಇಟ್ಟುಬಿಟ್ಟಿದ್ದರಿಂದ ಸುಗಂಧರಾಜ ಅಗೇವ್ ಅಮಿಕಾ ಆಯಿತು. ಲ್ಯಾಟಿನ್ನಿನಲ್ಲಿ ಅಮಿಕಾ ಎಂದರೆ ಗೆಳತಿ. ಬೇಲಿಯ ಕತ್ತಾಳೆ, ಮಂಟಪದ ಸುಗಂಧರಾಜ, ನನ್ನ ಕುಂಡದ ಚುಕ್ಕೆಯವಳು, ಮೂವರಿಗೂ ಈಗ ಮನೆತನದ ಹೆಸರು ಒಂದೇ. 316ನೆಯ ಪುಟದಿಂದ 323ನೆಯ ಪುಟಕ್ಕೆ ಏಳು ಪುಟಗಳ ದೂರ. ಅದನ್ನು ದಾಟುವುದಕ್ಕೆ ಶಾಸ್ತ್ರಕ್ಕೆ 264 ವರ್ಷ ಹಿಡಿಯಿತು. ಮ್ಯಾಂಗೇವ್ ಎಂಬ ಜೋಡುಹೆಸರಿಗೂ ಇನ್ನು ಶಾಸ್ತ್ರದಲ್ಲಿ ಅರ್ಥವಿಲ್ಲ. ಅಂಗಡಿಯ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿದೆ. ಇಡೀ ಬಳಗವನ್ನು ಈಗ ಶತಾವರಿಯ ಕುಟುಂಬಕ್ಕೆ ಸೇರಿಸಿದ್ದಾರೆ. ಶತಾವರಿಯನ್ನು ನಮ್ಮ ಹಳ್ಳಿಯವರು ಹಲವು ಮಕ್ಕಳ ತಾಯಿ ಬೇರು ಎನ್ನುತ್ತಾರೆ. ವಿದ್ವಾಂಸರಿಗೆ ಈ ಹೆಸರು ಗೊತ್ತಿದ್ದಿದ್ದರೆ ಸಂತೋಷಪಡುತ್ತಿದ್ದರೋ ಏನೋ.

ಬೆಳೆಸುವ ವಿಚಾರವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಮೊದಲನೆಯ ಗಿಡವನ್ನು ನಾನೇ ಕೊಂದೆ. ಕತ್ತಾಳೆಯ ಮಗನೆಂದು ನೆಚ್ಚಿ ಅಂಗಳದ ಜೇಡಿಮಣ್ಣಿನಲ್ಲಿ ನೆಟ್ಟೆ. ಆಷಾಢದ ಜಡಿಮಳೆಗೆ ಸುಳಿ ಕೊಳೆತು, ಮೇಲೆತ್ತಿದರೆ ಕೈಗೆ ಬಂತು. ಎರಡನೆಯದಕ್ಕೆ ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಇಟ್ಟಿಗೆಯ ಚೂರು ಅರ್ಧ ಪಾಲು, ಒಂದು ಹಿಡಿ ಎಲೆಗೊಬ್ಬರ. ಬೇಸಗೆಯಲ್ಲಿ ಕತ್ತಾಳೆಗಿಂತ ಹೆಚ್ಚು ನೀರು ಕೇಳುತ್ತದೆ. ನಿಂತ ನೀರನ್ನು ಮಾತ್ರ ಸಹಿಸದು. ಬಿಸಿಲಿನ ತಾಪ ಹೆಚ್ಚೆಂದು ಒಮ್ಮೆ ಸಂಪಿಗೆ ಮರದ ಕೆಳಗೆ ಇಟ್ಟೆ. ಎರಡು ತಿಂಗಳಲ್ಲಿ ಚುಕ್ಕೆಗಳು ಮಾಸಿ ಗಿಡ ಬರಿಯ ಹಸುರಾಯಿತು. ಅಜ್ಜಿಯವರು, "ನೋಡಿ, ವಾಸಿಯಾಯಿತು" ಎಂದರು. ಮತ್ತೆ ಬಿಸಿಲಿಗೆ ತಂದೆ. ಎಲೆ ಬಲು ಪೆಳಸು. ಜಾಗ ಬದಲಾಯಿಸುವಾಗ ನಾಲ್ಕು ಮುರಿದವು.

ಹೋದ ಮಾರ್ಗಶಿರದಲ್ಲಿ ಸುಳಿಯ ನಡುವೆ ಹೆಬ್ಬೆರಳ ಗಾತ್ರದ ಮೊಳಕೆಯೊಂದು ನೆಟ್ಟಗೆ ಎದ್ದಿತು. ನನಗೆ ಎದೆ ಧಸಕ್ಕೆಂದಿತು. ತಂದೆಯ ಗುಣವಾದರೆ ಹೂವಿನ ಜೊತೆಗೆ ಸಾವು. ತಾಯಿಯ ಗುಣವಾದರೆ ಮತ್ತೆ ಚಿಗುರು. ಮಿತ್ರರನ್ನು ಕೇಳಿದೆ. "ಇವು ಸಾಮಾನ್ಯವಾಗಿ ಸಾಯುತ್ತವೆ, ಆದರೆ ಪಕ್ಕದಲ್ಲಿ ಮರಿ ಬಿಟ್ಟು ಸಾಯುತ್ತವೆ" ಎಂದರು. ಕಂಬವನ್ನು ಕತ್ತರಿಸಿಬಿಟ್ಟರೆ ಉಳಿದೀತೇ ಎಂದು ಕತ್ತರಿಯನ್ನು ಹಿಡಿದು ಎರಡು ದಿನ ಓಡಾಡಿದೆ. ಕತ್ತರಿಸಲಿಲ್ಲ. ಆರಡಿ ಎತ್ತರದಲ್ಲಿ ಹಸುರು ಬೆರೆತ ಕಂದುಹೂಗಳು ಅರಳಿದವು. ದಳಕ್ಕಿಂತ ಕೇಸರಗಳೇ ಉದ್ದ. ಒಂದು ರಾತ್ರಿ ಕುತೂಹಲ ತಡೆಯಲಾರದೆ, ಹಿತ್ತಲ ಸುಗಂಧರಾಜದ ಪರಾಗವನ್ನು ಹತ್ತಿಯಲ್ಲಿ ತೆಗೆದು ಸ್ಟೂಲು ಹತ್ತಿ ಇದರ ಹೂಗಳಿಗೆ ಸವರಿದೆ. ಪುಸ್ತಕ ಒಂದೇ ಮನೆಯವರೆಂದ ಮೇಲೆ ಪರೀಕ್ಷಿಸಬಾರದೇಕೆ? ಎರಡು ಕಾಯಿ ನಿಂತವು. ಒಡೆದು ನೋಡಿದರೆ ಬೀಜವೆಲ್ಲ ಜೊಳ್ಳು. ತಪ್ಪು ಗಿಡಗಳದೋ ನನ್ನ ಕೈಯದೋ ಹೇಳಲಾರೆ.

ಹೂ ಉದುರಿದ ಮೇಲೆ ಎಲೆಗಳು ಒಂದೊಂದಾಗಿ ಸುಕ್ಕಿ ಹಳದಿಯಾಗುತ್ತಿವೆ. ಚುಕ್ಕೆಗಳು ಮಾತ್ರ ಕಡೆಯವರೆಗೂ ಅಳಿಯಲಿಲ್ಲ. ಬುಡದಲ್ಲಿ ಮೂರು ಮರಿಗಳು ಎದ್ದಿವೆ. ಮೊನ್ನೆ ಅವನ್ನು ಬಿಡಿಸುತ್ತಿರುವಾಗ ಅಜ್ಜಿಯವರು ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ, ತಮಗೂ ಒಂದು ಬೇಕೆಂದರು. ಯಾವುದು ಬೇಕೆಂದು ಕೇಳಿದೆ. ಸ್ವಲ್ಪ ಹೊತ್ತು ನೋಡಿ, "ಆ ಚುಕ್ಕೆ ಕಡಿಮೆ ಇರೋದನ್ನ ಕೊಡಿ, ರಾಯರೆ" ಎಂದರು.